ಲಾಭಕ್ಕೆ ಬಾರದ ಚಿತ್ರ

ಸೂಪರ್‌ಹೀರೋನ ಮುಖವಾಡ ತೊಟ್ಟು, ನಾಯಕನ ಬದಲು ಮಹಡಿಯಿಂದ ಬೀಳುವುದೇ ಹಾಲಿವುಡ್ ಪಕ್ಕದ ಬರ್ಬ್ಯಾಂಕಿನ ಡೆಲ್ಬರ್ಟ್‌ನ ಕಸುಬಾಗಿತ್ತು. ಒಂದು ಚಿತ್ರಕ್ಕೆ ಅರ್ಧ ಕೂಲಿ ಸಾಕು, ಉಳಿದದ್ದಕ್ಕೆ ಲಾಭದಲ್ಲಿ ಪಾಲು ಕೊಡಿ ಎಂದು ಸಹಿ ಹಾಕಿದ್ದ. ಜಗತ್ತೇ ಮುಗಿಬಿದ್ದು ನೋಡಿದ ಆ ಚಿತ್ರ ಕಂಪನಿಯ ಲೆಕ್ಕದಲ್ಲಿ ಮಾತ್ರ, ಪ್ರಚಾರದ ಖರ್ಚು ಸೇರುತ್ತಲೇ ಹೋಗಿ, ಹದಿನಾಲ್ಕು ವರ್ಷದಿಂದ ನಷ್ಟದಲ್ಲೇ ಇದೆ. ಅದು ಎಲ್ಲಾದರೂ ಮತ್ತೆ ತೆರೆಕಂಡರೆ ಮೊದಲು ಟಿಕೆಟ್ ಕೊಳ್ಳುವವನು ಅವನೇ. "ಇನ್ನೊಂದ್ ಚೂರು ಓಡ್ಲಿ ಕಣ್ರೋ, ಲಾಭಕ್ಕೆ ಬರುತ್ತೆ!" ಎನ್ನುತ್ತಾನೆ. "ನಿನ್ ದುಡ್ಡಲ್ಲಿ ಪೋಸ್ಟರ್ ಅಂಟಿಸ್ತಾರೆ ಅಷ್ಟೆ, ಮಂಕೇ," ಎಂದು ಗೆಳೆಯರು ನಗುತ್ತಾರೆ. ನಗದವನು ಒಬ್ಬನೇ, ಅದೇ ಚಿತ್ರದಲ್ಲಿ ಬಿದ್ದು ಬೆನ್ನು ಮುರಿದುಕೊಂಡ ವೆಂಡೆಲ್. ಪೂರ್ತಿ ಕೂಲಿಯೇ ಬೇಕೆಂದು ಹಟ ಹಿಡಿದಿದ್ದ ಅವನನ್ನು, "ಪಾಲು ತಗೊಳೋ, ಮುಂದೆ ಕೂತು ತಿನ್ನಬಹುದು," ಎಂದು ಒಪ್ಪಿಸಿದವನು ಡೆಲ್ಬರ್ಟ್. ಪ್ರತಿ ಸಲವೂ ಡೆಲ್ಬರ್ಟ್ ಎರಡು ಟಿಕೆಟ್ ಕೊಳ್ಳುತ್ತಾನೆ. ಗಾಲಿಕುರ್ಚಿಯ ವೆಂಡೆಲ್ ಇದುವರೆಗೂ ಬಂದಿಲ್ಲ.