ದೊಡ್ಡಮ್ಮನ ಹೊಲಿಗೆ ಮಿಷನ್ನು

ಅಮ್ಮನ ಬಗ್ಗೆ ನಾಲ್ಕು ಮಾತು ಬರೆದುಕೊಡಿ, ಸ್ಮರಣ ಸಂಚಿಕೆಯಲ್ಲಿ ಹಾಕುತ್ತೇವೆ ಎಂದು ಬೀದಿಯ ಸಂಘದ ಕಾರ್ಯದರ್ಶಿಗಳು ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದಾರೆ. "ನೀವು ಟೀಚರ್ ಅಲ್ವಾ, ನಿಮಗೇನು ಕಷ್ಟ? ಒಳ್ಳೊಳ್ಳೇದಾಗಿ ಬರೀರಿ" ಅನ್ನುತ್ತಾರೆ. ಒಳ್ಳೆಯದು ಬರೆಯಲು ಬೇಕಾದಷ್ಟಿದೆ. ಆದರೆ ಬರೆಯಲು ಕೂತರೆ ಅಮ್ಮನಿಗಿಂತ ಮೊದಲು ಅತ್ತಿಗೆಯ ಮುಖ ಕಣ್ಣಿಗೆ ಕಟ್ಟುತ್ತದೆ. ಹಾಗಾಗಿ ಇದು ಅವರ ಸಂಚಿಕೆಗೆ ಆಗುವ ಬರಹವಲ್ಲ.

ನಮ್ಮಮ್ಮ ಇಡೀ ಬೀದಿಗೆ ದೊಡ್ಡಮ್ಮ. ಅವಳಿಗಿಂತ ವಯಸ್ಸಾದವರೂ ಹಾಗೇ ಕರೆಯುತ್ತಿದ್ದರು. ಯಾರ ಮನೆಯಲ್ಲಿ ಹೆರಿಗೆ ನೋವು ಬಂದರೂ ಮೊದಲು ನಮ್ಮ ಬಾಗಿಲು ತಟ್ಟುತ್ತಿದ್ದರು, ಆಮೇಲೆ ಆಟೋ ಹುಡುಕುತ್ತಿದ್ದರು. ನೀರಿನ ಲಾರಿ ನಮ್ಮ ಬೀದಿ ಬಿಟ್ಟು ಮುಂದೆ ಹೋದಾಗ ಅಮ್ಮ ಖಾಲಿ ಕೊಡ ಇಟ್ಟುಕೊಂಡು ನಡುರಸ್ತೆಯಲ್ಲಿ ಕೂತಳು. ಡ್ರೈವರ್ ಹಾರ್ನ್ ಒತ್ತಿ ಒತ್ತಿ ಸುಸ್ತಾಗಿ ಕೊನೆಗೆ ತಾನೇ ಕೆಳಗಿಳಿದು ಪೈಪು ಬಿಚ್ಚಿದ. ಗೋದಾಮಿನ ಮುದುಕ ಕಾವಲುಗಾರ ಹಿಂದೆ ಮುಂದೆ ಯಾರೂ ಇಲ್ಲದೆ ಆಸ್ಪತ್ರೆಯಲ್ಲಿ ಸತ್ತಾಗ, ಸಂಬಂಧ ಏನು ಎಂದು ಕೇಳಿದ ಗುಮಾಸ್ತನಿಗೆ "ತಂಗಿ" ಎಂದು ಹೇಳಿ ಹೆಣ ಬಿಡಿಸಿಕೊಂಡು ಬಂದವಳು ಅವಳೇ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ನನಗೆ ಅವಳ ಮೇಲೆ ಹೆಮ್ಮೆ ಇತ್ತು, ಈಗಲೂ ಇದೆ. ಹೊಟ್ಟೆ ಉರಿಯುವುದೂ ಅದಕ್ಕೇ.

ನಮ್ಮ ಮನೆಗೆ ಒಂದು ಕಟ್ಟುಪಾಡಿತ್ತು. ಯಾರು ಏನು ಕೇಳಿಕೊಂಡು ಬಂದರೂ ಇಲ್ಲ ಅನ್ನಕೂಡದು. ಕೊಟ್ಟಿದ್ದನ್ನು ಹೋಗಿ ವಾಪಸ್ ಕೇಳಕೂಡದು. ತಂದುಕೊಟ್ಟರೆ ಇಟ್ಟುಕೋ, ತರದಿದ್ದರೆ ಮರೆತುಬಿಡು. ಹೀಗಾಗಿ ನಮ್ಮ ಸಾಮಾನೆಲ್ಲ ಕಂಡವರ ಮನೆಯಲ್ಲಿ ಸಂಸಾರ ಮಾಡುತ್ತಿತ್ತು. ನಮ್ಮ ಏಣಿಯನ್ನು ನಾನು ನೋಡುತ್ತಿದ್ದದ್ದು ಬೇರೆಯವರ ಗೋಡೆಗೆ ಸುಣ್ಣ ಹೊಡೆಯುವಾಗ ಮಾತ್ರ. ಇಸ್ತ್ರಿಪೆಟ್ಟಿಗೆ ಸುತ್ತಾಡಿ ಸುತ್ತಾಡಿ ಹಿಡಿ ಕಳೆದುಕೊಂಡು ಬಂತು. ನಮ್ಮ ಕೊಡೆಯ ಕೆಳಗೆ ಎದುರುಮನೆಯ ಹುಡುಗಿ ಬೆಚ್ಚಗೆ ಶಾಲೆಗೆ ಹೋದರೆ, ನಾನು ಅವಳ ಹಿಂದೆ ನೆನೆದುಕೊಂಡು ಹೋಗುತ್ತಿದ್ದೆ. ಅತ್ತರೆ ಅಮ್ಮ ತಲೆ ಒರೆಸುತ್ತಾ, "ಕೊಡೆ ಕೇಳಿ ತಂದ್ರೆ ನಿನ್ನ ತಲೆ ಒಣಗುತ್ತೆ, ನನ್ನ ತಲೆ ತಗ್ಗುತ್ತೆ" ಅನ್ನುತ್ತಿದ್ದಳು.

ಅದು ಸುಮ್ಮನೆ ಹುಟ್ಟಿದ ಮಾತಲ್ಲ. ಅಪ್ಪ ಗಿರಣಿಯಲ್ಲಿ ಫಿಟ್ಟರ್. ಹಬೆ ಕೊಳವೆ ಒಡೆದು ಅವನು ಹೋದಾಗ ನಾನಿನ್ನೂ ಅಮ್ಮನ ಸೊಂಟದ ಮೇಲಿದ್ದೆ, ಅಣ್ಣ ಆಗತಾನೇ ಶಾಲೆಗೆ ಸೇರಿದ್ದ. ಅಪ್ಪನ ಸ್ಪ್ಯಾನರುಗಳ ಪೆಟ್ಟಿಗೆ ಅವನ ಜೊತೆಗಾರನೊಬ್ಬನ ಹತ್ತಿರ ಇತ್ತು. ಮುಂದೆ ಮಗನ ಕೈಗಾದರೂ ಬರಲಿ ಎಂದು ಅಮ್ಮ ಅದನ್ನು ಕೇಳಲು ಹೋದಳು. ಊಟಕ್ಕೆ ಕೂತಿದ್ದ ಆ ಮನುಷ್ಯ ತಟ್ಟೆಯಿಂದ ತಲೆ ಎತ್ತದೆ, "ಯಾವ ಪೆಟ್ಟಿಗೆ?" ಅಂದ. ಅವನ ಹೆಂಡತಿ ಅಕ್ಕಪಕ್ಕದವರನ್ನು ಕರೆದು, "ನೋಡ್ರೀ, ಗಂಡ ಸತ್ತು ತಿಂಗಳಾಗಿಲ್ಲ, ಆಗಲೇ ಮನೆಮನೆ ವಸೂಲಿಗೆ ಹೊರಟಿದಾಳೆ" ಎಂದು ನಕ್ಕಳು. ಪೆಟ್ಟಿಗೆ ಅಲ್ಲೇ ಕಿಟಕಿಯ ಕೆಳಗೆ ಕಾಣಿಸುತ್ತಿತ್ತಂತೆ. ಅಮ್ಮ ಮನೆಗೆ ಬಂದು ಮುಖ ತೊಳೆದುಕೊಂಡಳು. ಇನ್ನು ಈ ಮನೆಯಿಂದ ಯಾರೂ ಯಾರ ಬಾಗಿಲಿಗೂ ಕೊಟ್ಟಿದ್ದು ಕೇಳಲು ಹೋಗಬಾರದು ಎಂದು ಅವತ್ತೇ ತೀರ್ಮಾನವಾಯಿತು. ಅವಮಾನ ಆದದ್ದು ಅವಳಿಗೆ. ಅದರ ದಂಡ ಕಟ್ಟಿದ್ದು ಅತ್ತಿಗೆ.

ಅಣ್ಣನನ್ನು ಮದುವೆಯಾಗಿ ಅತ್ತಿಗೆ ನಮ್ಮ ಮನೆಗೆ ಬಂದಾಗ ಅವರ ಜೊತೆ ಒಂದು ಹೊಲಿಗೆ ಮಿಷನ್ನೂ ಬಂತು. ಕಾಲಲ್ಲಿ ತುಳಿಯುವಂಥದ್ದು, ಪಕ್ಕದಲ್ಲಿ ಬೀಗದ ಪುಟ್ಟ ಡ್ರಾಯರು. ಅವರಪ್ಪ ದರ್ಜಿ, ಮಗಳಿಗೆ ಕಸುಬನ್ನೂ ಕೊಟ್ಟು ಮಿಷನ್ನನ್ನೂ ಕೊಟ್ಟಿದ್ದರು. ಮುಂದಿನ ಕೋಣೆಯ ಕಿಟಕಿ ಪಕ್ಕದಲ್ಲಿ ಅದು ನಿಂತಿತು. ಅತ್ತಿಗೆ ಮಾತು ಕಮ್ಮಿ, ಆದರೆ ಮಿಷನ್ನಿನ ಮುಂದೆ ಕೂತರೆ ಬೇರೆಯೇ ಹೆಂಗಸು. ಬಾಯಲ್ಲಿ ದಾರ ಕಚ್ಚಿಕೊಂಡು, ಒಂದೇ ಸಮನೆ ತುಳಿಯುತ್ತಾ, ಏನೋ ಗುನುಗುತ್ತಾ ಇರುತ್ತಿದ್ದರು. ಶಾಲೆ ಮಕ್ಕಳ ಯೂನಿಫಾರ್ಮೆಲ್ಲ ಅವರ ಹತ್ತಿರ ಬರತೊಡಗಿತು. ಬೀದಿಯ ತುದಿಯಲ್ಲಿ ಒಂದು ಚಿಕ್ಕ ಅಂಗಡಿ ಇಡಬೇಕು ಎಂದು ನನ್ನೊಬ್ಬಳ ಹತ್ತಿರ ಮಾತ್ರ ಹೇಳಿಕೊಂಡಿದ್ದರು.

ಮೊದಲ ಹೆರಿಗೆಗೆ ತವರಿಗೆ ಹೋಗುವಾಗ, ಹುಟ್ಟುವ ಮಗುವಿಗೆಂದು ಅರ್ಧ ಹೊಲಿದ ಅಂಗಿಯನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿಕೊಂಡು ಹೋದರು. ಮಗುವನ್ನೆತ್ತಿಕೊಂಡು ವಾಪಸ್ ಬಂದಾಗ ಕಿಟಕಿ ಪಕ್ಕದಲ್ಲಿ ಮಿಷನ್ನಿನ ಕಾಲು ಊರಿದ ಗುರುತು ಮಾತ್ರ ಇತ್ತು.

ಅತ್ತಿಗೆ ತವರಲ್ಲಿದ್ದಾಗ ನಮ್ಮ ಕಡೆ ಪೇಪರ್ ಹಾಕುವವನು ಸತ್ತು, ಅವನ ಹೆಂಡತಿ ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಬೀದಿಗೆ ಬಿದ್ದಿದ್ದಳು. ಅಮ್ಮ ಮಿಷನ್ನನ್ನು ಹೊರಿಸಿ ಅವಳ ಮನೆಯಲ್ಲಿ ಇಳಿಸಿದ್ದಳು. "ನಂದೇ, ಇಟ್ಕೊ, ಹೊಲಿದು ಬದುಕು" ಅಂದಿದ್ದಳಂತೆ. ಅತ್ತಿಗೆ ಮಗುವನ್ನು ಹಾಸಿಗೆಯ ಮೇಲೆ ಮಲಗಿಸಿ, ಕೋಣೆಯ ನಡುವೆ ನಿಂತು, "ಅತ್ತೆ, ನನ್ನನ್ನ ಒಂದು ಮಾತು ಕೇಳಬಹುದಿತ್ತು" ಅಂದರು. ಅಮ್ಮನಿಗೆ ನಿಜವಾಗಲೂ ಆಶ್ಚರ್ಯವಾಯಿತು. "ಅಯ್ಯೋ, ನೀನು ಬಾಣಂತಿ, ಈಗ ಎಲ್ಲಿ ಹೊಲೀತೀಯಾ? ಅವಳಿಗೆ ಅದು ಅನ್ನ ಕಣೇ. ನಿನಗೆ ಅನ್ನ ಇಲ್ವಾ?"

"ಮಗು ದೊಡ್ಡದಾದ ಮೇಲೆ ಕೇಳಿ ತರಬಹುದಾ?"

"ನಾನು ಇರೋ ತನಕ ಈ ಮನೆಯಿಂದ ಯಾರೂ ಹೋಗಿ ಕೇಳಕೂಡದು. ಸತ್ತ ಮೇಲೆ ಏನಾದ್ರೂ ಮಾಡ್ಕೊಳ್ಳಿ."

ಅಣ್ಣ ಪಕ್ಕದಲ್ಲೇ ಇದ್ದ. ಬಸ್ ಕಂಡಕ್ಟರ್ ಆಗಿ ದಿನವಿಡೀ ಕೂಗುವವನು ಮನೆಗೆ ಬಂದರೆ ಬಾಯಿಗೆ ಬೀಗ. ಅತ್ತಿಗೆ ಅಮ್ಮನ ಮಾತಿನ ಕೊನೆಯ ಭಾಗವನ್ನು ಹಿಡಿದುಕೊಂಡರು. ಡ್ರಾಯರಿನ ಆ ಚಿಕ್ಕ ಬೀಗದ ಕೈಯನ್ನು ಮನೆಯ ಬೀಗದ ಕೈಗಳ ಗೊಂಚಲಿಗೆ ಸೇರಿಸಿಕೊಂಡು ಕಾಯತೊಡಗಿದರು.

ಅಮ್ಮನ ಆಯುಷ್ಯ ಗಟ್ಟಿಯಾಗಿತ್ತು. ದೊಡ್ಡಮ್ಮನ ಮನೆಯಲ್ಲಿ ಯಾವಾಗ ಹೋದರೂ ಟೀ ಸಿಗುತ್ತದೆ ಎಂದು ಬೀದಿಯವರು ಹೊಗಳುತ್ತಿದ್ದರು. ಟೀ ಕಾಯಿಸುತ್ತಿದ್ದದ್ದು ಅತ್ತಿಗೆ. ಜ್ವರ ಬಂದವರನ್ನು ದೊಡ್ಡಮ್ಮ ಮುಂದಿನ ಕೋಣೆಯಲ್ಲಿ ಮಲಗಿಸಿಕೊಂಡು ನೋಡಿಕೊಂಡಳು ಅನ್ನುತ್ತಿದ್ದರು. ಅವರ ವಾಂತಿ ಬಳಿಯುತ್ತಿದ್ದದ್ದು ಅತ್ತಿಗೆ. ಅಮ್ಮ ಹಣೆ ಮುಟ್ಟಿ ನೋಡುತ್ತಿದ್ದಳು, ಕಷ್ಟಸುಖ ಕೇಳುತ್ತಿದ್ದಳು. ಜನಕ್ಕೆ ನೆನಪಿನಲ್ಲಿ ಉಳಿಯುವುದು ಹಣೆ ಮುಟ್ಟಿದ ಕೈ. ಅತ್ತ ಪೇಪರಿನವನ ಹೆಂಡತಿ ಎಲ್ಲರ ಬಾಯಲ್ಲಿ ಟೈಲರಮ್ಮ ಆದಳು. ಬೀದಿಯ ತುದಿಯಲ್ಲಿ ಅಂಗಡಿ ಇಟ್ಟಳು, ಕರೆಂಟಿನ ಮಿಷನ್ನುಗಳು ಬಂದವು, ಹೆಣ್ಣುಮಕ್ಕಳು ಒಳ್ಳೆಯ ಕಡೆ ಸೇರಿದರು. ಹಳೇ ಮಿಷನ್ನನ್ನು ಮಾತ್ರ ಅವಳು ಬಿಡಲಿಲ್ಲ. ದೊಡ್ಡಮ್ಮನದು ಎಂದು ಬಟ್ಟೆ ಹೊದಿಸಿ ಮೂಲೆಯಲ್ಲಿಟ್ಟಿದ್ದಳು. ಡ್ರಾಯರನ್ನು ಒಡೆಯುವ ಮನಸ್ಸೂ ಅವಳಿಗೆ ಬಂದಿರಲಿಲ್ಲ. ಒಳ್ಳೆಯ ಹೆಂಗಸು. ಅವಳ ಮೇಲೆ ಸಿಟ್ಟು ಮಾಡಲೂ ನನಗೆ ದಾರಿಯಿಲ್ಲ.

ಕೊನೆಯ ವರ್ಷಗಳಲ್ಲಿ ಅಮ್ಮ ಹಾಸಿಗೆ ಹಿಡಿದಳು. ಎತ್ತುವುದು, ಹೊರಳಿಸುವುದು, ತೊಳೆಯುವುದು ಎಲ್ಲ ಅತ್ತಿಗೆಯ ಪಾಲಿಗೆ. ಬೆನ್ನ ಮೇಲೆ ಒಂದು ಹುಣ್ಣು ಏಳದಂತೆ ನೋಡಿಕೊಂಡರು. ಒಂದು ಮಧ್ಯಾಹ್ನ ನಾನು ನೋಡಲು ಬಂದಿದ್ದಾಗ ಅಮ್ಮ ಅತ್ತಿಗೆಯ ಮುಂಗೈ ಹಿಡಿದುಕೊಂಡು, "ನಿನಗೊಂದು ಮಾತು ಹೇಳಬೇಕು ಅಂತ ಬಹಳ ದಿನದಿಂದ ಇದೆ ಕಣೇ" ಅಂದಳು. ಅತ್ತಿಗೆ ಕೈಲಿದ್ದ ಬಟ್ಟೆಯನ್ನು ಬಕೆಟ್ಟಿಗೆ ಬಿಟ್ಟು ಹತ್ತಿರ ಬಗ್ಗಿದರು. ಅವರ ಮುಖದಲ್ಲಿ ಆ ಕ್ಷಣ ಇದ್ದದ್ದನ್ನು ನಾನು ಸಾಯುವ ತನಕ ಮರೆಯಲಾರೆ. ಅಮ್ಮ ಅಂದಳು, "ಆ ಟೈಲರಮ್ಮ ಈಚೆಗೆ ಬರ್ತಾನೇ ಇಲ್ಲ. ಒಂದು ಸಲ ಬಂದುಹೋಗು ಅಂತ ಹೇಳ್ತೀಯಾ?"

ಅತ್ತಿಗೆ ಹೋಗಿ ಹೇಳಿ ಬಂದರು.

ಅಮ್ಮ ತೀರಿಕೊಂಡ ಮೇಲೆ ಸಂಘದ ಕೋಣೆಯಲ್ಲಿ ಸಭೆ ಇಟ್ಟರು. ಅವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ಅತ್ತಿಗೆ ನನಗೆ ಹೇಳಿದರು, "ನಾಳೆ ಹೋಗಿ ಕೇಳೋಣ ಅಂತಿದೀನಿ. ಇನ್ನು ಅತ್ತೆಗೆ ಅವಮಾನ ಅಂತ ಆಗಲ್ಲ ಅಲ್ವಾ?" ತಲೆ ಬೆಳ್ಳಗಾಗಿದ್ದ ಹೆಂಗಸು ಹೊಸ ಬಟ್ಟೆ ಕೇಳುವ ಹುಡುಗಿಯ ಹಾಗೆ ಕೇಳಿದರು. ನಾನು ಹೂಂ ಅಂದೆ.

ಸಭೆಯಲ್ಲಿ ಅಮ್ಮನ ಫೋಟೋ ಪಕ್ಕ ಏನನ್ನೋ ಬಟ್ಟೆ ಮುಚ್ಚಿ ಇಟ್ಟಿದ್ದರು. ಟೈಲರಮ್ಮ ಮಾತಾಡಲು ನಿಂತವಳು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಬಟ್ಟೆ ಎಳೆದಳು. "ಇದು ದೊಡ್ಡಮ್ಮನ ಮಿಷನ್ನು. ನನಗೆ ಬದುಕು ಕೊಟ್ಟಿದ್ದು ಇದೇ. ಇನ್ನು ಇದು ನನ್ನ ಮನೇಲಿ ಇರಬಾರದು. ಅವರ ಹೆಸರು ಕೆತ್ತಿಸಿ, ಗಾಜಿನ ಪೆಟ್ಟಿಗೆ ಮಾಡಿಸಿ ಇಲ್ಲೇ ಇಡಿಸ್ತೀನಿ." ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಬಾಗಿಲಲ್ಲಿ ಅತ್ತಿಗೆ ಟೀ ಲೋಟಗಳ ತಟ್ಟೆ ಹಿಡಿದು ನಿಂತಿದ್ದರು.

ನನಗೆ ಮೈಯೆಲ್ಲ ಉರಿದುಹೋಯಿತು. ಮಗಳು ಎಂದು ಮೈಕು ಕೈಗೆ ಕೊಟ್ಟಾಗ ಹೇಳಿಯೇಬಿಟ್ಟೆ. "ಅದು ಅಮ್ಮನ ಮಿಷನ್ನಲ್ಲ. ನಮ್ಮ ಅತ್ತಿಗೆದು. ಅವರ ತವರಿಂದ ಬಂದಿದ್ದು. ಅವರನ್ನ ಕೇಳದೆ ಅಮ್ಮ ಎತ್ತಿಕೊಟ್ಟಳು."

"ಹೋದವರ ಬಗ್ಗೆ ಇದೆಲ್ಲ ಯಾಕಮ್ಮಾ ಈಗ" ಎಂದು ಕಾರ್ಯದರ್ಶಿಗಳು ಗೊಣಗಿದರು. ಟೈಲರಮ್ಮನ ಮುಖ ಚಿಕ್ಕದಾಯಿತು. ಎಲ್ಲರ ತಲೆಯೂ ಹಿಂದಿನ ಬಾಗಿಲಿಗೆ ತಿರುಗಿತು. ಅತ್ತಿಗೆ ತಟ್ಟೆಯನ್ನು ಅಲುಗಿಸದೆ ಹೇಳಿದರು, "ಅವಳಿಗೆ ದುಃಖದಲ್ಲಿ ಏನೋ ತೋಚಿದೆ. ಅದು ಅತ್ತೆಯದೇ." ಆಮೇಲೆ ಸಾಲಿನಿಂದ ಸಾಲಿಗೆ ಟೀ ಕೊಡುತ್ತಾ ಬಂದರು. ನನಗೂ ಕೊಟ್ಟರು.

ಮನೆಗೆ ಬಂದ ಮೇಲೆ ಜಗಳಕ್ಕೇ ನಿಂತೆ. "ಯಾಕೆ ಅತ್ತಿಗೆ ಹಾಗಂದ್ರಿ? ಇಷ್ಟು ವರ್ಷ ಕಾದಿದ್ದೆಲ್ಲ ನೀರಲ್ಲಿ ಹೋಮ ಆಗಲಿಲ್ವಾ?" ಅತ್ತಿಗೆ ಲೋಟ ತೊಳೆಯುತ್ತಿದ್ದರು. "ಅವಳ ಮನೆಗೆ ಹೋಗಿ, ಬಾಗಿಲು ಹಾಕ್ಕೊಂಡು, ನನ್ನ ಬಾಯಲ್ಲಿ ನಾನು ಕೇಳಬೇಕು ಅಂತಿದ್ದೆ. ಹೇಗೆ ಕೇಳಬೇಕು ಅಂತ ಮಾತು ಕೂಡ ಜೋಡಿಸಿಟ್ಟಿದ್ದೆ. ನೀನು ಊರವರ ಮುಂದೆ ನನ್ನ ಪರವಾಗಿ ಮಾತಾಡಿದೆ. ನಿಮ್ಮಮ್ಮನೂ ನನ್ನನ್ನ ಕೇಳಲಿಲ್ಲ. ನೀನೂ ಕೇಳಲಿಲ್ಲ."

ನಾನು ಬಟ್ಟೆ ತೆಗೆದುಕೊಂಡು ಅವರು ತೊಳೆದಿಟ್ಟ ಲೋಟಗಳನ್ನು ಒಂದೊಂದಾಗಿ ಒರೆಸಿದೆ.

ವಾರ ಕಳೆದು ನಾನು ಅಣ್ಣನ ಮನೆಗೆ ಹೋಗಿದ್ದಾಗಲೇ ಟೈಲರಮ್ಮ ಬಂದಳು. ಒಳಗೆ ಬರದೆ ಹೊಸ್ತಿಲ ಆಚೆ ನಿಂತು, "ಅಕ್ಕಾ, ಮಿಷನ್ನಿಗೆ ಪಾಲಿಶ್ ಹೊಡೆಸ್ತಾ ಇದೀವಿ. ಡ್ರಾಯರಿಗೆ ಬೀಗ ಇದೆ. ದೊಡ್ಡಮ್ಮನ ಸಾಮಾನಲ್ಲಿ ಎಲ್ಲಾದ್ರೂ ಅದರ ಬೀಗದ ಕೈ ಇದೆಯೇನೋ, ಸ್ವಲ್ಪ ನೋಡ್ತೀರಾ?" ಅಂದಳು.

ಅತ್ತಿಗೆ ಗೋಡೆಯ ಮೊಳೆಯಿಂದ ಗೊಂಚಲು ತೆಗೆದರು. ಹುಡುಕಬೇಕಾಗಿರಲಿಲ್ಲ, ಬೆರಳು ನೇರವಾಗಿ ಆ ಚಿಕ್ಕ ಬೀಗದ ಕೈಗೇ ಹೋಯಿತು. ಅದನ್ನು ಎತ್ತಿ ಟೈಲರಮ್ಮನಿಗೆ ಕಾಣುವ ಹಾಗೆ ಹಿಡಿದರು. ಟೈಲರಮ್ಮ ಅದನ್ನು ನೋಡಿದಳು, ಅದು ಯಾರ ಗೊಂಚಲಿನಲ್ಲಿದೆ ಎಂಬುದನ್ನೂ ನೋಡಿದಳು. ನಾನು ಸಭೆಯಲ್ಲಿ ಹೇಳಿದ್ದು ನಿಜವೆಂದು ಅವಳಿಗೆ ಆಗ ಗೊತ್ತಾಯಿತು.

"ಇದೆ" ಅಂದರು ಅತ್ತಿಗೆ. "ಕೊಡಲ್ಲ."

ನಮ್ಮ ಮನೆಯ ಬಾಗಿಲಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಟೈಲರಮ್ಮ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತಿಗೆ ಬಾಗಿಲು ಮುಂದಕ್ಕೆ ಹಾಕಿ, ಗೊಂಚಲನ್ನು ಮೊಳೆಗೆ ತೂಗುಹಾಕಿ, ಒಲೆಯ ಮೇಲಿದ್ದ ಹಾಲು ನೋಡಲು ಒಳಗೆ ಹೋದರು.