ಮಡಿಕೆ ಬಿಚ್ಚದ ಫ್ರಾಕು

ಫ್ರಾಕಿನ ಬಣ್ಣ ಹಳದಿ ಎಂದು ಬರೆದು ಹೊಡೆದುಹಾಕಿದೆ. ಹೆಂಡತಿ ತಿಳಿನೀಲಿ ಅನ್ನುತ್ತಾಳೆ. ಅದನ್ನು ನನಗಿಂತ ಹೆಚ್ಚು ಹೊತ್ತು ನೋಡಿದವಳು ಅವಳು, ತಿಳಿನೀಲಿಯೇ ಇರಲಿ. ಮಗಳ ನಾಲ್ಕನೇ ಹುಟ್ಟುಹಬ್ಬಕ್ಕೆ ನಾನು ತಂದದ್ದು ಅದು ಎಂಬುದರಲ್ಲಿ ಇಬ್ಬರಿಗೂ ತಕರಾರಿಲ್ಲ.

ಎಪ್ಪತ್ತರ ದಶಕದ ಕೊನೆ. ಮನೆ ಅಜ್ಜಂಪುರದಲ್ಲಿ, ನನ್ನ ಗುಮಾಸ್ತಗಿರಿ ತರೀಕೆರೆಯಲ್ಲಿ. ಈ ಮಗಳಿಗಿಂತ ಮೊದಲು ಎರಡು ಮಕ್ಕಳು ಹುಟ್ಟಿ ಹೋಗಿದ್ದವು. ಒಂದು ಹನ್ನೊಂದು ದಿನಕ್ಕೆ, ಇನ್ನೊಂದು ಹಲ್ಲು ಬರುವ ಹೊತ್ತಿಗೆ. ಹಾಗೆ ಹೋದಮೇಲೆ ಹುಟ್ಟಿದ ಮಗುವನ್ನು ನಮ್ಮಲ್ಲಿ ಯಾರಿಗೂ ಬೇಡದ್ದು ಅನ್ನುವಂತೆ ಸಾಕುತ್ತಾರೆ, ಸಾವಿನ ಕಣ್ಣಿಗೂ ಬೀಳದಿರಲಿ ಎಂದು. ಹುಟ್ಟಿದ ದಿನವೇ ಮೊರದಲ್ಲಿ ಮಲಗಿಸಿ ಸೂಲಗಿತ್ತಿಗೆ ಕೊಟ್ಟು, ಒಂದು ಸೇರು ತೌಡು ಅಳೆದು ಅವಳಿಂದ ವಾಪಸು ಕೊಂಡೆವು. ಐದು ತುಂಬುವವರೆಗೆ ಮೈಗೆ ಹೊಸ ಬಟ್ಟೆ ಸೋಕಬಾರದು, ಬೇರೆ ಮಕ್ಕಳು ಹಾಕಿ ಬಿಟ್ಟದ್ದನ್ನು ಕೇಳಿ ತಂದು ತೊಡಿಸಬೇಕು ಎಂದು ಹೆಂಡತಿ ಹರಕೆ ಹೊತ್ತಳು.

ನನಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಈಗ ಹಾಗೆ ಬರೆಯುವುದು ಸುಲಭ. ಮನೆಮನೆಗೆ ಕೇಳಲು ಹೋಗುತ್ತಿದ್ದವನು ನಾನೇ. ಹಿಂದಿನ ಬೀದಿಯ ಒಬ್ಬಾಕೆ ನನ್ನನ್ನು ಕಂಡರೆ ನಗುತ್ತಿದ್ದರು. "ನಮ್ ಹುಡುಗಿ ಇನ್ನೂ ಹಾಕ್ಕೊಂಡೇ ಅವ್ಳೆ ಕಣ್ರೀ, ನೀವಾಗ್ಲೇ ಬಂದ್ಬಿಟ್ರಲ್ಲ."

ಒಂದು ಯುಗಾದಿಯಲ್ಲಿ ಮಗಳು ಪಕ್ಕದ ಮನೆಯ ಹುಡುಗಿಯ ಹೊಸ ಲಂಗದ ಅಂಚು ಹಿಡಿದು ಮೂಗಿಗೆ ಒತ್ತಿಕೊಂಡು ನಿಂತಿದ್ದಳು. ಆ ಹುಡುಗಿ ಎಳೆದುಕೊಂಡರೂ ಬಿಟ್ಟಿರಲಿಲ್ಲ. ಇದನ್ನು ನಾನು ಕಂಡೆನೋ, ಹೆಂಡತಿ ಹೇಳಿ ಕೇಳಿದೆನೋ ಗೊತ್ತಿಲ್ಲ. ಒಂದು ಸಲವಾದರೂ ಅವಳಿಗೆ ಹೊಸದು ಕೊಡಬೇಕು ಅನ್ನಿಸಿದ್ದು ಮಾತ್ರ ಅಲ್ಲಿಂದ.

ಕಚೇರಿ ಕೆಲಸದ ಮೇಲೆ ಕಡೂರಿಗೆ ಹೋಗಿದ್ದೆ. ಅಲ್ಲಿ ನನ್ನ ಗುರುತು ಹಿಡಿಯುವವರಿರಲಿಲ್ಲ. ಅಂಗಡಿಯಲ್ಲಿ ತುಂಬ ಹೊತ್ತು ಆರಿಸಿದೆ. ಜರಿ ಇದ್ದದ್ದು ಬೇಡ, ಹೆಂಡತಿಗೆ ತಿಳಿದುಬಿಡುತ್ತದೆ. ತೀರಾ ಸಾದಾ ಇದ್ದರೆ ಕೊಟ್ಟೂ ಕೊಡದ ಹಾಗೆ. ಅಂಗಡಿಯವರು, ಬೆಳೆಯುವ ಮಗು, ಒಂದಳತೆ ದೊಡ್ಡದು ಒಯ್ಯಿರಿ ಅಂದರು. ಕೆಳಗಡೆ ಎರಡು ಬೆರಳಷ್ಟು ಒಳಮಡಿಕೆ ಹಾಕಿ ಹೊಲಿದಿತ್ತು. ವರ್ಷ ಬಿಟ್ಟು ಅದನ್ನು ಬಿಚ್ಚಿದರೆ ಉದ್ದವಾಗಿ ಇನ್ನೊಂದು ವರ್ಷ ಬರುತ್ತದೆ ಎಂದು ತೋರಿಸಿದರು. ತಲೆಯಾಡಿಸಿದೆ. ನನ್ನ ಯೋಚನೆಯೆಲ್ಲ ಅದನ್ನು ಹಳೆಯದು ಮಾಡುವುದರ ಮೇಲಿತ್ತು.

ತರೀಕೆರೆಯ ಕಚೇರಿ ಹಿಂದಿನ ನಲ್ಲಿಯಲ್ಲಿ ಮೂರು ಮಧ್ಯಾಹ್ನ ಅದನ್ನು ಸೋಡಾ ಹಾಕಿ ಒಗೆದೆ. ಬಿಸಿಲಿಗೆ ಒಣಗಿಸಿದೆ. ಒಂದು ಗುಂಡಿ ಕಿತ್ತು ಬೇರೆ ಬಣ್ಣದ್ದು ಹಾಕಿದೆ. ಮುದುಕ ಜವಾನ, ಬಾಣಂತನ ಇಲ್ಲೇ ಶುರುವಾಯಿತಲ್ಲ ಎಂದು ಚುಡಾಯಿಸಿದ. ಮೂರನೇ ದಿನ ಫ್ರಾಕನ್ನು ಮೂಸಿ ನೋಡಿದೆ. ಹೊಸ ಬಟ್ಟೆಯ ಗಂಜಿಯ ವಾಸನೆ ಪೂರ್ತಿ ಹೋಗಿತ್ತು. ಮಗಳಿಗೆ ಬೇಕಾಗಿದ್ದದ್ದು ಆ ವಾಸನೆಯೇ ಎಂದು ಆಗ ಹೊಳೆಯಿತೇ? ಹೊಳೆದಿದ್ದರೆ ಅದನ್ನು ಯಾಕೆ ತೊಡಿಸಿದೆ? ಇದು ಆಮೇಲೆ ಬಂದ ಬುದ್ಧಿ ಇರಬೇಕು.

ನಮ್ಮ ಸಾಹೇಬರ ಮಗಳದ್ದು ಎಂದು ಹೆಂಡತಿಗೆ ಹೇಳಿದೆ. ಹುಟ್ಟುಹಬ್ಬದ ದಿನ ಅವಳು ಮಗುವಿಗೆ ಎಣ್ಣೆನೀರು ಹಾಕಿ, ಅದನ್ನೇ ತೊಡಿಸಿ ಆರತಿ ಎತ್ತಿದಳು. ಮಗಳಿಗೆ ಅದೊಂದು ಕೇಳಿ ತಂದ ಬಟ್ಟೆ, ಅಷ್ಟೇ. ಹಾಕಿಕೊಂಡು ಆಡಲು ಓಡಿದಳು.

ಎರಡು ವಾರ ಕಳೆಯುವಷ್ಟರಲ್ಲಿ ಬೀದಿಗೆ ದಡಾರ ಬಂತು. ನಮ್ಮವಳೂ ಮಲಗಿದಳು. ಹೆಂಡತಿ ಬೇವಿನ ಸೊಪ್ಪು ಹಾಸಿ, ಅಂತರಘಟ್ಟೆ ಅಮ್ಮನಿಗೆ ಮುಡಿಪು ಕಟ್ಟಿದಳು. ಮೂರನೇ ದಿನ ಮಗು ಕಣ್ಣು ತೆರೆಯದೆ ಬಿದ್ದಿದ್ದಾಗ, ನಂಬಿಕೆ ಇಲ್ಲದ ನನಗೆ ಮೊದಲು ನೆನಪಾದದ್ದು ಫ್ರಾಕು. ಹೇಳಿಬಿಡೋಣ ಎಂದು ಅಡುಗೆಮನೆಯ ಬಾಗಿಲವರೆಗೆ ಹೋದೆ. ಕುಡಿಯಲು ನೀರು ಕೇಳಿ ವಾಪಸು ಬಂದೆ.

ಮಗಳು ಎದ್ದಳು. ಎಡಗಿವಿ ಮಾತ್ರ ಮಂದವಾಯಿತು.

ಸೊರಗಿದ ಮೈಗೆ ಫ್ರಾಕು ಜೋತಾಡುತ್ತಿತ್ತು. ಹಿಡಿದು ಹೊಲಿಯಲೆಂದು ಹೆಂಡತಿ ಅದನ್ನು ತೊಡೆಯ ಮೇಲೆ ಮಗುಚಿಕೊಂಡಳು. ಅಂಚಿನ ಮಡಿಕೆಯ ಮೇಲೆ ಬೆರಳಾಡಿಸಿದಳು. ನಾನು ಚಪ್ಪಲಿ ಮೆಟ್ಟಿ ಹೊರಟಿದ್ದೆ.

"ಇದು ಯಾರ ಮನೇದ್ರಿ?"

ಸಾಹೇಬರದ್ದು ಎಂದೆ.

"ಮಡಿಕೆ ಬಿಚ್ಚದೆ ಯಾವ ತಾಯಿ ಕೊಡ್ತಾಳ್ರೀ? ಅವಳ ಮಗೀಗೇ ಇನ್ನೊಂದ್ ವರ್ಷ ಬರೋದು."

ಒಪ್ಪಿಕೊಂಡೆ. ಆಮೇಲೆ ವಾದಕ್ಕೂ ನಿಂತೆ. ಬೀದಿಯ ಮಕ್ಕಳಿಗೆಲ್ಲ ದಡಾರ ಬಂದಿತ್ತಲ್ಲ, ಎಲ್ಲರಿಗೂ ನಾನೇ ಫ್ರಾಕು ತಂದುಕೊಟ್ಟಿದ್ದೆನೇ ಎಂದು ಕೇಳಿದೆ.

"ಆ ಮಕ್ಕಳ ಹಿಂದೆ ಎರಡು ಹೋಗಿರ್ಲಿಲ್ಲ," ಅಂದಳು. ದನಿ ಏರಿಸಲಿಲ್ಲ.

ಅವತ್ತೇ ಪೆಟ್ಟಿಗೆಯಲ್ಲಿದ್ದ ಮಗುವಿನ ಬಟ್ಟೆಯೆಲ್ಲ ಹೊರಗೆ ಹಾಕಿ ಒಂದೊಂದರ ಅಂಚನ್ನೂ ತಿರುವಿ ನೋಡಿದಳು. ಉಳಿದವೆಲ್ಲ ನಿಜವಾಗಿಯೂ ಹಳೆಯವೇ. ಅದರಿಂದ ನನಗೇನೂ ಲಾಭವಾಗಲಿಲ್ಲ. ಹರಕೆ ಮುರಿದದ್ದಕ್ಕೆ ತಪ್ಪುಕಾಣಿಕೆ ಕಟ್ಟಿ, ಐದು ವರ್ಷ ಇದ್ದದ್ದನ್ನು ಹತ್ತು ಮಾಡಿಕೊಂಡಳು.

ಐದನೇ ಹುಟ್ಟುಹಬ್ಬಕ್ಕೆ ಮುಗಿಯಬೇಕಿದ್ದದ್ದು ಹೀಗೆ ಇನ್ನೂ ಐದು ವರ್ಷ ನಡೆಯಿತು. ಸ್ಕೂಲಿನ ಯೂನಿಫಾರ್ಮನ್ನೂ ಮೇಲಿನ ತರಗತಿಯ ಹುಡುಗಿಯರಿಂದ ಕೇಳಿ ತಂದದ್ದು. ಕೇಳಲು ಈಗ ಹೆಂಡತಿಯೇ ಹೋಗುತ್ತಿದ್ದಳು, ಜೊತೆಗೆ ಮಗಳು. ಕೇಳಿಸುವ ಬಲಗಿವಿ ಅಮ್ಮನ ಕಡೆ ಬರುವಂತೆ ಅವಳು ಎಡಪಕ್ಕದಲ್ಲಿ ನಡೆಯುತ್ತಿದ್ದಳು. ನನ್ನನ್ನು ಮತ್ತೆ ಯಾರ ಮನೆಗೂ ಕಳಿಸಲಿಲ್ಲ.

ಹತ್ತು ತುಂಬಿದ ದಿನ ಮಗಳು ಹೊಸ ಬಟ್ಟೆ ಮುಟ್ಟಲು ಹೆದರಿದಳು ಎಂದು ಬರೆದರೆ ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ತಾಯಿ ಮಗಳು ಬೆಳಗಿನ ಬಸ್ಸಿಗೆ ಕಡೂರಿಗೆ ಹೊರಟರು. ನಾನು ಬಸ್‌ಸ್ಟ್ಯಾಂಡಿನವರೆಗೆ ಹೋದೆ. ನೀವೂ ಬನ್ನಿ ಎಂದು ಹೆಂಡತಿ ಕರೆಯಲಿಲ್ಲ, ನಾನೂ ಬರುತ್ತೇನೆ ಅನ್ನಲಿಲ್ಲ. ಯಾವ ಅಂಗಡಿಗೆ ಹೋದರು, ಎಷ್ಟು ಹೊತ್ತು ಆರಿಸಿದರು, ಮಗಳು ಮೊದಲು ಯಾವುದನ್ನು ಕೈಗೆತ್ತಿಕೊಂಡಳು, ನನಗೆ ಗೊತ್ತಿಲ್ಲ.