ಸಿಂಗಾಪುರದಲ್ಲಿ ಅಕ್ಕನ ಸಾಕ್ಷಿ

ನೋವು ಯಾವಾಗ ಶುರುವಾಯಿತು ಎಂಬ ಪ್ರಶ್ನೆಗೆ ನಾನು ಮೂರು ಊರುಗಳಲ್ಲಿ ಮೂರು ಉತ್ತರ ಕೊಟ್ಟಿದ್ದೇನೆ. ಹೊನ್ನಾವರದ ಡಾಕ್ಟರರಿಗೆ ದೀಪಾವಳಿ ರಜೆಯಲ್ಲಿ ಎಂದೆ. ಮಂಗಳೂರಿನಲ್ಲಿ, ಹಳದೀಪುರದ ಸ್ಟಾಪಿನಲ್ಲಿ ಬಸ್ಸಿಳಿಯುವಾಗ ಕಾಲು ಜಾರಿದ ದಿನದಿಂದ ಎಂದೆ. ಅದು ಮಳೆಗಾಲದ ಮಾತು. ಸಿಂಗಾಪುರದಲ್ಲಿ ಸುಮಾರು ಏಳು ತಿಂಗಳು ಎಂದೆ. ಏಳು ಎಂಬುದು ಎಲ್ಲಿಂದ ಬಂತೋ ಗೊತ್ತಿಲ್ಲ. ಮೂರನ್ನೂ ಹೇಳುವಾಗ ನನಗೆ ಒಂದಿಷ್ಟೂ ಅನುಮಾನವಿರಲಿಲ್ಲ ಎಂಬುದೇ ಈಗ ನನ್ನನ್ನು ಕಾಡುವುದು.

ನಾನು ಹೊನ್ನಾವರದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಧಾರವಾಡದಲ್ಲಿ ಓದಿದವನು. ಒಂದೇ ಸಾಕ್ಷಿಯನ್ನು ನಂಬಬೇಡಿ, ಅವನಿಗೆ ಆ ಮಾತಿನಿಂದ ಏನು ಲಾಭ ಎಂದು ಮೊದಲು ಕೇಳಿ ಎಂದು ವರ್ಷವರ್ಷವೂ ಮಕ್ಕಳಿಗೆ ಹೇಳುತ್ತೇನೆ.

ಮಂಗಳೂರಿನಲ್ಲಿ ಅದು ಎಲುಬಿನ ಕ್ಯಾನ್ಸರ್ ಎಂದು ಖಚಿತವಾಯಿತು. ಎಡಗಾಲು, ಮೊಣಕಾಲಿನ ಸ್ವಲ್ಪ ಮೇಲೆ. ಕಾಲು ಉಳಿಸಲು ಪ್ರಯತ್ನಿಸಬಹುದು, ಭರವಸೆ ಕೊಡಲಾಗದು ಎಂದರು. ಸಿಂಗಾಪುರದಲ್ಲಿ ಹಡಗು ರಿಪೇರಿ ಕೆಲಸದಲ್ಲಿರುವ ಹೆಂಡತಿಯ ತಮ್ಮ ನನ್ನ ಸ್ಕ್ಯಾನ್ ಚಿತ್ರಗಳನ್ನೆಲ್ಲ ತರಿಸಿಕೊಂಡು ಅಲ್ಲಿಯ ಒಬ್ಬ ಡಾಕ್ಟರರಿಗೆ ತೋರಿಸಿದ. ಅವರು ಬರಲಿ ನೋಡೋಣ ಎಂದರು. ಆ 'ನೋಡೋಣ'ವನ್ನು ನಮ್ಮ ಮನೆಯಲ್ಲಿ ಎಲ್ಲರೂ 'ಆಗುತ್ತದೆ' ಎಂದು ಕೇಳಿಸಿಕೊಂಡರು. ನಾನೂ.

ಜೊತೆಗೆ ಹೊರಟಿದ್ದು ಹೆಂಡತಿಯಲ್ಲ, ಅಕ್ಕ. ಹೆಂಡತಿಗೆ ಪಾಸ್‌ಪೋರ್ಟ್ ಇರಲಿಲ್ಲ, ಅಕ್ಕನಿಗಿತ್ತು. ಅಕ್ಕ ಭಟ್ಕಳದಲ್ಲಿ ಮೀನು ಮಾರುವವಳು. ಅವಳಿಂದ ಇಪ್ಪತ್ತು ವರ್ಷ ಮೀನು ತೆಗೆದುಕೊಂಡ ಒಂದು ನವಾಯತ ಮುಸ್ಲಿಂ ಮನೆಯವರು ಮಗಳ ಬಾಣಂತನಕ್ಕೆಂದು ಅವಳನ್ನು ದುಬೈಗೆ ಕರೆದೊಯ್ದಿದ್ದರು. ಆರು ತಿಂಗಳಿದ್ದು ಬಂದಳು. ಹೀಗಾಗಿ ಎಂ.ಎ. ಮಾಡಿದ ನಾನು ವಿಮಾನದಲ್ಲಿ ಬೆಲ್ಟ್ ಹುಡುಕುತ್ತಿದ್ದಾಗ, ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟ ಅಕ್ಕ ಅದನ್ನು ನನ್ನ ಸೊಂಟಕ್ಕೆ ಸಿಕ್ಕಿಸಿ, ಕಿವಿ ಕಟ್ಟಿಕೊಂಡರೆ ಉಗುಳು ನುಂಗು ಎಂದಳು.

ಸಿಂಗಾಪುರದ ಡಾಕ್ಟರ್ ನನ್ನಷ್ಟೇ ವಯಸ್ಸಿನವರು, ಮೆಲುಮಾತಿನವರು. ಹೊಸದಾಗಿ ಸ್ಕ್ಯಾನ್ ಮಾಡಿಸಿ ಪರದೆಯ ಮೇಲೆ ತೋರಿಸಿದರು. ಎಲುಬಿನ ಆ ಭಾಗ ತೆಗೆದು ಲೋಹದ್ದನ್ನು ಕೂರಿಸಬಹುದು, ಅದು ಕಷ್ಟವಲ್ಲ. ಆದರೆ ತೊಡೆಯ ಹಿಂಭಾಗದ ಸ್ನಾಯುವಿನಲ್ಲಿ ಒಂದು ಮಬ್ಬು ಮಚ್ಚೆ ಕಾಣುತ್ತಿತ್ತು. ಅದು ಬರೀ ಬಾವು ಆಗಿದ್ದರೆ ಮುಟ್ಟಬೇಕಾಗಿಲ್ಲ. ಹಿಂದೆ ಯಾವಾಗಲೋ ಒಳಗೆ ರಕ್ತನಾಳ ಒಡೆದಿದ್ದರೆ, ಆ ರಕ್ತದ ಜೊತೆ ರೋಗವೂ ಅಲ್ಲಿಗೆ ಹರಿದಿರಬಹುದು. ಆಗ ಸ್ನಾಯುವನ್ನೂ ಅದಕ್ಕೆ ಅಂಟಿಕೊಂಡ ನರವನ್ನೂ ತೆಗೆಯಬೇಕು. ನರ ಹೋದರೆ ಪಾದ ಎತ್ತಲಾಗುವುದಿಲ್ಲ, ಜೋತುಬೀಳುತ್ತದೆ. ಚಿತ್ರ ನೋಡಿ ಎರಡರಲ್ಲಿ ಯಾವುದೆಂದು ಹೇಳಲಾಗದು, ಸೂಜಿ ಚುಚ್ಚಿ ನೋಡಹೋದರೆ ರೋಗ ಇನ್ನಷ್ಟು ಹರಡೀತು. ಅದಕ್ಕೇ ಕೇಳುತ್ತಿದ್ದೇನೆ ಎಂದರು. ಈ ಕಾಲು ಮುರಿದಿತ್ತೇ? ಯಾರಾದರೂ ಬಲವಾಗಿ ತಿಕ್ಕಿದ್ದು, ತಿರುಚಿದ್ದು ಉಂಟೇ?

ಇಲ್ಲ ಎಂದೆ.

ಅದು ಸುಳ್ಳಾಗಿರಲಿಲ್ಲ. ನನಗೆ ನೆನಪಿದ್ದುದು ಇಷ್ಟು: ನಮ್ಮ ಕಡೆ ದೋಣಿಯಲ್ಲಿ ಬಿದ್ದರೂ ತೆಂಗಿನ ಮರದಿಂದ ಬಿದ್ದರೂ ಮೊದಲು ಹೋಗುವುದು ಎಲುಬು ಕಟ್ಟುವವರ ಹತ್ತಿರ, ಆಮೇಲೆ ಆಸ್ಪತ್ರೆಗೆ. ಅಪ್ಪನ ಕೈ ಕೂಡಿಸಿದ್ದೂ ಹಾಗೆಯೇ. ಬಸ್ಸಿನಿಂದ ಜಾರಿದ ಮೇಲೆ ನೋವು ಇಳಿಯದಿದ್ದಾಗ ಅಕ್ಕ ನನ್ನನ್ನು ಒತ್ತಾಯದಿಂದ ಮಿರ್ಜಾನದ ಆಚೆ, ಹೊಳೆಯ ದಂಡೆಯಲ್ಲಿದ್ದ ಅಂಥವರೊಬ್ಬರ ಮನೆಗೆ ಕರೆದುಕೊಂಡು ಹೋಗಿದ್ದಳು. ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ. ಜಗಲಿಯಲ್ಲಿ ಕೈಗೆ ಬಿದಿರುಪಟ್ಟಿ ಕಟ್ಟಿಸಿಕೊಂಡವರು ಕೂತಿದ್ದರು. ಉದ್ದಿನ ಹಿಟ್ಟು, ಮೊಟ್ಟೆ, ಎಣ್ಣೆ ಸೇರಿದ ವಾಸನೆ. ನಾನು ಅದನ್ನೆಲ್ಲ ನೋಡಿ, ಎಕ್ಸ್‌ರೇ ಇಲ್ಲದೆ ಇವರು ಏನು ಕಟ್ಟುತ್ತಾರೆ ಎಂದು ಎದ್ದು ಬಂದುಬಿಟ್ಟೆ. ಕುಮಟಾಕ್ಕೆ ಬಂದು ಚಹಾ ಕುಡಿದೆ. ಸ್ಟಾಫ್ ರೂಮಿನಲ್ಲಿ ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಎದ್ದು ಬಂದ ಜಾಗದಲ್ಲಿ ಎಲ್ಲರೂ ನಗುತ್ತಿದ್ದರು.

ಪಕ್ಕದಲ್ಲಿ ಕೂತಿದ್ದ ಅಕ್ಕ ಕೇಳಿದಳು, "ಎಂತ ಕೇಳ್ತಾರೆ ಅವ್ರು?"

ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು.

"ನೀ ಎಂತ ಹೇಳ್ದೆ?"

"ಇಲ್ಲ ಅಂದೆ."

"ಇಲ್ಲ ಅಂದ್ಯಾ? ತಮ್ಮಾ, ನಿನ್ನ ಎರಡೂ ಭುಜ ಹಿಡ್ಕಂಡವಳು ನಾನು."

ಆಮೇಲೆ ಅವಳು ಹೇಳಿದ್ದು ಹೀಗೆ. ನಾನು ಎದ್ದು ಬಂದಿರಲಿಲ್ಲ. ಬೆಂಚಿನ ಮೇಲೆ ಬೋರಲಾಗಿ ಮಲಗಿದ್ದೆ. ಎಲುಬು ಕಟ್ಟುವ ಆ ಮುದುಕರು ನನ್ನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಹಚ್ಚಿ ತಿಕ್ಕಿ, ಒಂದು ಸಲ ತಿರುಗಿಸಿದಾಗ ಕಟ್ ಎಂದು ಸದ್ದು ಬಂತು. ನಾನು ಅವಳ ಸೆರಗು ಕಚ್ಚಿ ಹಿಡಿದಿದ್ದೆ. ಒಂದಲ್ಲ, ಎಂಟು ಬೆಳಿಗ್ಗೆ ಹೋಗಿದ್ದೆವು. ತೊಡೆಯ ಹಿಂದೆ ನೀಲಿಗಟ್ಟಿದಾಗ, ಹೆಂಡತಿಗೆ ಹೇಳಬೇಡ, ಸ್ಕೂಟರ್ ತಾಗಿತು ಎನ್ನುತ್ತೇನೆ ಎಂದಿದ್ದೆನಂತೆ.

ಸ್ಕೂಟರ್ ತಾಗಿದ್ದು ನನಗೆ ನೆನಪಿತ್ತು. ನೀಲಿಗಟ್ಟಿದ್ದೂ ನೆನಪಿತ್ತು. ಬೆಂಚು ನೆನಪಿರಲಿಲ್ಲ.

ಮನಸ್ಸು ತಕ್ಷಣ ಕೆಲಸಕ್ಕಿಳಿಯಿತು. ಅಕ್ಕ ಅಪ್ಪನನ್ನೂ ಅಲ್ಲಿಗೇ ಕರೆದುಕೊಂಡು ಹೋಗಿದ್ದವಳು. ಅಪ್ಪನ ಕೈಯನ್ನು ನನ್ನ ಕಾಲಿಗೆ ಸೇರಿಸಿಕೊಂಡಿರಬಹುದು. ಕಟ್ ಎಂಬ ಸದ್ದು ಅಪ್ಪನದಿರಬಹುದು. ಆದರೆ ಅಪ್ಪ ಸೆರಗು ಕಚ್ಚುವವರಲ್ಲ. ಹಾಗೆ ಸುಳ್ಳು ಹೇಳಿ ಅಕ್ಕನಿಗೆ ಏನು ಲಾಭ? ನನ್ನ ನೆನಪು ನಿಜವಾದರೆ ಯಾರಿಗೆ ಲಾಭ? ಡಾಕ್ಟರ್ ಪೆನ್ನು ಹಿಡಿದು ಕಾಯುತ್ತಿದ್ದರು. ಆ ಕೋಣೆಯಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಬಲ್ಲವನು ನಾನೊಬ್ಬನೇ. ಅಕ್ಕನ ಮಾತು ಅವರನ್ನು ತಲುಪಬೇಕಾದರೆ ನನ್ನ ಬಾಯಿಂದಲೇ ಹೋಗಬೇಕು. ತಲುಪಿದರೆ ನನ್ನ ಪಾದ ಹೋಗುತ್ತದೆ.

ಯಾವಾಗಲೋ ಸ್ವಲ್ಪ ಎಣ್ಣೆ ಹಚ್ಚಿದ್ದು ಉಂಟಂತೆ ಎಂದೆ. ಡಾಕ್ಟರ್ ತಲೆಯಾಡಿಸಿದರು. ಬರೆದುಕೊಳ್ಳಲಿಲ್ಲ.

ಅಕ್ಕನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಕೊಂಕಣಿಯವರಿಗೆ, ನವಾಯತಿಯವರಿಗೆ, ಉರ್ದುವಿನವರಿಗೆ ಮೀನು ಮಾರಿ ಹಣ್ಣಾದವಳು. ಒಬ್ಬರ ಮಾತು ಇನ್ನೊಬ್ಬರಿಗೆ ದಾಟುವಾಗ ಎಷ್ಟು ಉದ್ದವಿರಬೇಕೆಂದು ಅವಳಿಗೆ ಗೊತ್ತು.

"ನಾ ಕೊಟ್ಟದ್ದು ಬುಟ್ಟಿ ತುಂಬ," ಎಂದಳು. "ನೀ ಅವ್ರಿಗೆ ನಾಕು ಬಂಗಡೆ ಹಾಕ್ದೆ. ಉಳ್ದದ್ದು ಎಲ್ಲಿ?"

"ನಂಗೆ ನೆನಪಿಲ್ಲ ಅಕ್ಕ."

"ನೆನಪು ನಿಂದು ಬೇಡ. ನಂದು ಹೇಳು."

ಹೇಳಿದೆ. ಬೆಂಚು, ಸದ್ದು, ಎಂಟು ಬೆಳಿಗ್ಗೆ, ನೀಲಿ, ಎಲ್ಲ. ಇಂಗ್ಲಿಷಿನಲ್ಲಿ ಹೇಳುವಾಗ ಅದು ಇನ್ಯಾರಿಗೋ ಆದದ್ದರಂತೆ ಸಲೀಸಾಗಿ ಬಂತು. ಡಾಕ್ಟರ್ ಬರೆದುಕೊಂಡು, ನಿಮಗೆ ಇದು ನೆನಪಿದೆಯೇ ಎಂದು ನನ್ನನ್ನೇ ಕೇಳಿದರು. ನೆನಪಿಲ್ಲ, ಆದರೆ ಇದನ್ನೇ ಆಧಾರವಾಗಿ ಇಟ್ಟುಕೊಳ್ಳಿ ಎಂದೆ. ಒಂದು ದಿನ ಬೇಕಾದರೆ ಯೋಚಿಸಿ ಎಂದರು. ಯೋಚಿಸಲು ಬಿಟ್ಟರೆ ನಾನು ಮತ್ತೊಂದು ನೆನಪನ್ನು ಹುಟ್ಟಿಸಿಕೊಳ್ಳುತ್ತೇನೆಂದು ಹೆದರಿ, ಬೇಡ ಎಂದೆ.

ಆಪರೇಷನ್ ಆಯಿತು. ಎಲುಬು, ಸ್ನಾಯು, ನರ. ಎಚ್ಚರವಾದಾಗ ಹೊದಿಕೆಯ ಕೆಳಗೆ ಎರಡು ಪಾದಗಳ ಉಬ್ಬುಗಳು ಕಂಡವು. ಒಂದು ನೆಟ್ಟಗಿತ್ತು, ಇನ್ನೊಂದು ಮುಂದಕ್ಕೆ ಬಾಗಿತ್ತು. ಮುಂದಿನ ದಿನಗಳಲ್ಲಿ ಗಳಿಗೆಗೊಮ್ಮೆ ಎಡಪಾದಕ್ಕೆ ಮೇಲೇಳು ಎಂದು ಮನಸ್ಸಿನಲ್ಲೇ ಹೇಳುತ್ತಿದ್ದೆ. ಅದು ಏಳುತ್ತಿರಲಿಲ್ಲ. ಮಲಗಿದಲ್ಲೇ ಮಿರ್ಜಾನದ ಜಗಲಿಗೆ ಮತ್ತೆ ಮತ್ತೆ ಹೋಗಿ ಬರುತ್ತಿದ್ದೆ. ಪ್ರತಿ ಸಲವೂ ಎದ್ದು ಹೊರಗೆ ಬರುತ್ತಿದ್ದೆ, ಕುಮಟಾದ ಚಹಾದ ಬಿಸಿ ಕೂಡ ನಾಲಿಗೆಗೆ ತಾಗುತ್ತಿತ್ತು. ಬೆಂಚಿನ ಮೇಲೆ ಒಮ್ಮೆಯೂ ಮಲಗಲಾಗಲಿಲ್ಲ.

ತೆಗೆದ ಸ್ನಾಯುವಿನ ವರದಿ ಬಂದದ್ದು ಎರಡನೆಯ ವಾರದಲ್ಲಿ. ಒಳಗೆ ಹಳೆಯ ರಕ್ತ ಹೆಪ್ಪುಗಟ್ಟಿತ್ತು. ಆ ರಕ್ತದಲ್ಲಿ ಕ್ಯಾನ್ಸರ್ ಇರಲಿಲ್ಲ. ಡಾಕ್ಟರ್ ಹಾಸಿಗೆಯ ಪಕ್ಕ ಕೂತು, ಮೊದಲೇ ತಿಳಿಯಲು ದಾರಿಯಿರಲಿಲ್ಲ, ನೀವು ಹೇಳಿದ್ದನ್ನು ಕೇಳಿದ ಮೇಲೆ ಬಿಟ್ಟುಬಿಡುವುದೂ ಸಾಧ್ಯವಿರಲಿಲ್ಲ ಎಂದರು. ಅವರು ಹೋದ ಮೇಲೆ ಅಕ್ಕ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಎಂತ ಬಂತು?"

ಕಾಗದ ನನ್ನ ಕೈಯಲ್ಲಿತ್ತು, ಇಂಗ್ಲಿಷಿನಲ್ಲಿತ್ತು. ಮೊದಲರ್ಧ ಹೇಳಿದೆ.

"ರಕ್ತ ಇತ್ತು. ನೀ ಹೇಳಿದ್ದೇ ಸರಿ."

ಅವಳು ಹಿಗ್ಗಲಿಲ್ಲ. ಉಳಿದದ್ದಕ್ಕೆ ಕಾಯುತ್ತಿದ್ದಳು.

"ಅದ್ರಲ್ಲಿ ರೋಗ ಇರ್ಲಿಲ್ಲ," ಎಂದೆ.

"ಹಂಗಾರೆ ನಾ ಬಾಯಿ ಮುಚ್ಕಂಡಿದ್ರೆ ನಿನ್ನ ಪಾದ ಇರ್ತಿತ್ತು."

"ನಿನ್ನ ಬಾಯಿ ಅವ್ರಿಗೆ ಎಲ್ಲಿ ತಿಳೀತಿತ್ತು ಅಕ್ಕ? ಅವ್ರಿಗೆ ಹೇಳ್ದವ ನಾನು."

ಅವಳು ಎದ್ದು ಕಾಲ ಬುಡಕ್ಕೆ ಹೋಗಿ, ಹೊದಿಕೆ ಸರಿಸಿ, ಎಡಗಾಲಿನ ಹೆಬ್ಬೆರಳಿನ ಮೇಲೆ ಚಿವುಟಿದಳು. ಗೊತ್ತಾಗ್ತದಾ ಎಂದಳು. ಇಲ್ಲ ಎಂದೆ. ಪಕ್ಕದ ಬೆರಳು. ಇಲ್ಲ. ಹಾಗೇ ಒಂದೊಂದಾಗಿ ಕಿರುಬೆರಳಿನವರೆಗೆ ಹೋದಳು. ಆಮೇಲೆ ಪಾದವನ್ನು ಎತ್ತಿ ಹಿಡಿದು, ಅಂಗಾಲಿನ ನಡುವೆ ಉಗುರು ಊರಿ ನನ್ನ ಕಡೆ ನೋಡಿದಳು.

ಗೊತ್ತಾತು ಎಂದೆ. ಆ ಹೊತ್ತಿಗೆ ನಿಜವಾಗಿ ಗೊತ್ತಾಗಿತ್ತೇ, ಅವಳ ಮುಖ ನೋಡಿ ಹಾಗೆಂದೆನೇ ಎಂಬುದನ್ನು ಈಗ ಹೇಳಲಾರೆ.